ಎಡಗಡೆಯ ಬಾಕ್ಸಿನ ಬಿರುಕು

ಹೊಲಿಗೆ ಮಷೀನು ಕೆಟ್ಟಿದೆ ಅಂತ ಕರೆದರೆ ನಾನು ಮೊದಲು ಅದನ್ನು ಮುಟ್ಟುವುದಿಲ್ಲ, ಕೇಳುತ್ತೇನೆ. ಚಕ್ರ ತಿರುಗಿಸಲು ಟೇಲರ್‌ಗೆ ಹೇಳಿ ಕಿವಿ ಹತ್ತಿರ ಇಟ್ಟರೆ ಸಾಕು, ದಾರ ಯಾಕೆ ಹರಿಯುತ್ತಿದೆ, ಹೊಲಿಗೆ ಯಾಕೆ ಬಿಟ್ಟು ಬಿಟ್ಟು ಬೀಳುತ್ತಿದೆ ಎಂಬುದು ತಿಳಿದುಬಿಡುತ್ತದೆ. ಈ ವಿಷಯದಲ್ಲಿ ನನಗೆ ಜಂಬ ಉಂಟು, ಸುಳ್ಳು ಯಾಕೆ ಹೇಳಲಿ. ಅಂಥವನಿಗೆ ತನ್ನದೇ ಬೈಕಿನ ಬಾಕ್ಸಿನ ಪೇಂಟು ಯಾಕೆ ಬಿರಿಯುತ್ತಿದೆ ಎಂಬುದು ತಿಂಗಳುಗಟ್ಟಲೆ ತಿಳಿಯಲಿಲ್ಲ.

ಮನೆ ಹರಪನಹಳ್ಳಿಯಲ್ಲಿ, ಕೆಲಸ ದಾರಿಯಲ್ಲಿ. ಸೋಮವಾರ ಬೆಳಿಗ್ಗೆ ಹೊರಟರೆ ವಾರದೊಳಗೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ಸುತ್ತಿ ಬರಬೇಕು. ಮೊದಲು ಸಾಮಾನು ಒಯ್ಯಲು ಕ್ಯಾನ್ವಾಸಿನ ಎರಡು ಚೀಲ ಇದ್ದವು. ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ಬರುವಾಗ ಒಂದು ದಿನ ರಸ್ತೆಯ ಮೇಲೆ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಚಕ್ರ ಜಾರಿ ಬಿದ್ದೆ. ಮುಂಗೈ ಮುರಿದದ್ದು ಆಮೇಲೆ ಗೊತ್ತಾಯಿತು. ಮೊದಲು ಕಂಡದ್ದು, ಚೀಲ ಹರಿದು ನನ್ನ ಸೂಜಿಗಳೆಲ್ಲ ಆ ರಾಶಿಯಲ್ಲಿ ಚೆಲ್ಲಿದ್ದು. ಜೋಳದ ಒಡತಿ ತಲೆಯ ಮೇಲೆ ಕೈ ಹೊತ್ತು ಕೂತಳು. ಬಾತ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅಯಸ್ಕಾಂತ ಹಿಡಿದು, ಆ ಮನೆಯವರ ಜೊತೆ ಸಂಜೆಯವರೆಗೂ ಸೂಜಿ ಆರಿಸಿದೆ.

ಕೈ ಕೂಡಿದ ಮೇಲೆ ಮುಚ್ಚಳವಿರುವ ಫೈಬರ್ ಬಾಕ್ಸ್ ಹಾಕಿಸಿದೆ. ಬೈಕ್ ಕಂಪನಿಯವಲ್ಲ, ಹೊಸಪೇಟೆಯ ಅಂಗಡಿಯೊಂದರಿಂದ ತರಿಸಿದ ಜೋಡಿ. ಬಣ್ಣವಿಲ್ಲದೆ ಬಂದಿದ್ದವು. ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್, ಟ್ರೇಲರ್‌ಗಳಿಗೆ ಬಣ್ಣ ಹೊಡೆಯುವ ಒಬ್ಬ ಪೇಂಟರ್ ಇದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಡಿಮೆ. ಅವನು ಉಪ್ಪುಕಾಗದದಿಂದ ತಿಕ್ಕಿ, ಪುಟ್ಟಿ ಹಚ್ಚಿ, ಅಡಿಬಣ್ಣವಾಗಿ ಪ್ರೈಮರ್ ಬಳಿದು, ಮುಖ ಕಾಣುವಂಥ ಕಪ್ಪು ಬಣ್ಣ ಹೊಡೆದುಕೊಟ್ಟ. ಬಾಕ್ಸು ನೋಡಿ ನನ್ನ ಹೆಂಡತಿಗೂ ಖುಷಿಯಾಯಿತು. ಮೊದಲ ಸೋಮವಾರವೇ ತಟ್ಟೆಯಲ್ಲಿ ಕುಂಕುಮ, ಕರ್ಪೂರ ಹಿಡಿದುಕೊಂಡು ಬೈಕಿನ ಮುಂದೆ ಬಂದು ನಿಂತಳು.

"ನೀವು ಬಿದ್ದ ದಿನ, ಜೀವಸಹಿತ ಮನಿಗೆ ಬಂದ್ರ ಸೋಮಾರಕ್ಕೊಮ್ಮೆ ಗಾಡಿಗೆ ಬೆಳಗತೀನಿ ಅಂತ ಹರಕಿ ಹೊತ್ತೀನ್ರಿ," ಅಂದಳು.

"ಪೆಟ್ರೋಲ್ ಟ್ಯಾಂಕಿನ ಮುಂದ ಬೆಂಕಿ ಹಚ್ತೀಯೇನು? ತಲಿ ಐತೇನು ನಿನಗ?" ಅಂದೆ. ಮೆಲ್ಲಗೆ ಹೇಳಬಹುದಾದ ಮಾತು, ಆದರೆ ನನ್ನ ಬಾಯಿಗೆ ಮೆಲ್ಲಗೆ ಎನ್ನುವುದು ಗೊತ್ತಿಲ್ಲ. ಅವಳು ತಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಅಲ್ಲಿಗೆ ಅದು ಮುಗಿಯಿತು ಅಂದುಕೊಂಡೆ.

ಎರಡು ತಿಂಗಳಿಗೆ ಎಡಗಡೆ ಬಾಕ್ಸಿನ ಮುಚ್ಚಳದ ನಡುವೆ ಕೂದಲೆಳೆಯಂಥ ಬಿರುಕು ಕಂಡವು. ಒಂದು ಬಿಂದುವಿನಿಂದ ಹೊರಟು ಸುತ್ತಲೂ ಹರಡಿದ್ದವು. ಬಿರುಕಿನೊಳಗೆ ಕೆಂಪು ಕಾಣುತ್ತಿತ್ತು. ಬಲಗಡೆಯದು ಮಾತ್ರ ಹೊಸದರಂತೆಯೇ ಇತ್ತು. ಪೇಂಟರ್ ನೋಡಿ, ಕೆರೆದು ಮತ್ತೆ ಹೊಡೆದುಕೊಟ್ಟ. ಮತ್ತೆ ಎರಡು ತಿಂಗಳಿಗೆ ಅದೇ ಜಾಗ, ಅದೇ ಬಿರುಕು.

ಇಲ್ಲಿಂದ ನನ್ನ ತಲೆ ಕೆಟ್ಟಿತು. ಬಿಸಿಗೆ ಬಿರಿಯಿತು ಅನ್ನೋಣವೆಂದರೆ ಸೈಲೆನ್ಸರ್ ಇರುವುದು ಬಲಗಡೆ. ಬಿಸಿಲಿಗೆ ಅನ್ನೋಣವೆಂದರೆ ಎಡಕ್ಕೊಬ್ಬ ಬಲಕ್ಕೊಬ್ಬ ಸೂರ್ಯ ಇಲ್ಲ. ಕೂಡ್ಲಿಗಿಯ ಟೇಲರ್ ಒಬ್ಬರು, ಸೈಡ್ ಸ್ಟ್ಯಾಂಡ್ ಹಾಕಿದಾಗ ಬೈಕು ಎಡಕ್ಕೆ ವಾಲುತ್ತದೆ, ಭಾರಕ್ಕೆ ಪೇಂಟು ಜಗ್ಗುತ್ತದೆ ಅಂದರು. ಅದನ್ನು ನಂಬಿ ಹದಿನೈದು ದಿನ ಡಬಲ್ ಸ್ಟ್ಯಾಂಡ್ ಹಾಕಿ ಸೊಂಟ ಹಿಡಿಸಿಕೊಂಡೆ. ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್, ಹಂಪ್ ಹಾರಿಸುವಾಗಿನ ಅದುರು ಅಂದ. ಬಾಕ್ಸಿನ ಕೆಳಗೆ ಹಳೆ ಟ್ಯೂಬಿನ ತುಂಡು ಕೊಟ್ಟು ಬಿಗಿದೆ. ಇಟ್ಟಿಗಿ ಅನ್ನುವ ಊರಿನಲ್ಲಿ ಮಷೀನು ಇಟ್ಟುಕೊಂಡಿರುವ ಒಬ್ಬ ಅಜ್ಜಿ ಎರಡೂ ಬಾಕ್ಸು ಸವರಿ ನೋಡಿ, "ಇದು ಕಣ್ಣೆಸರು ತಮ್ಮಾ, ನಿಂಬಿಹಣ್ಣು ಕಟ್ಟು," ಅಂದಳು. ನಾನು ನಗಲಿಲ್ಲ. ಎಡಗಡೆ ಬಾಕ್ಸಿಗೆ ಮಾತ್ರ ಯಾರ ಕಣ್ಣು ತಾಗುತ್ತದೆ ಅಂತ ಹಡಗಲಿ ಮುಟ್ಟುವವರೆಗೂ ಯೋಚಿಸಿದೆ. ಅಷ್ಟರ ಮಟ್ಟಿಗೆ ಇಳಿದಿದ್ದೆ.

ಮೂರನೆಯ ಸಲ ಬಿರಿದಾಗ ಕೊಟ್ಟೂರಿನಲ್ಲಿ ಸಂತೆ. ಪೇಂಟರನ ಶೆಡ್ಡಿನ ಮುಂದೆ ಮಿರ್ಚಿ ಬಂಡಿ, ಅದರ ಸುತ್ತ ಜನ. ಇಬ್ಬರು ತಮ್ಮ ಹೊಸ ಬಾಕ್ಸು ಹಿಡಿದುಕೊಂಡು ಅವನ ಹತ್ತಿರ ಬಣ್ಣದ ಮಾತಾಡುತ್ತಿದ್ದರು. ನಾನು ಮುಚ್ಚಳ ಕಿತ್ತು ಅವರ ನಡುವೆ ಹಿಡಿದೆ.

"ನೋಡ್ರಿ ಇವನ ಕೆಲಸ! ಒಳಗಿನ ಕೆಂಪು ಪ್ರೈಮರ್ ಹೊರಗ ಬಂದೈತಿ. ಮೂರು ಸಲ! ಪೇಂಟಿನಾಗ ನೀರು ಕಲಸ್ತೀಯೇನಲೇ?"

ಅವನು ಮುಚ್ಚಳ ತೆಗೆದುಕೊಂಡು ಬಿರುಕಿನ ಮೇಲೆ ಉಗುರು ಆಡಿಸಿದ. ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದು, "ಬಿಟ್ಟು ಹೋಗ್ರಿ ಅಣ್ಣಾರ, ಮಾಡಿಕೊಡ್ತೀನಿ," ಅಂದ. ಅವನು ತಿರುಗಿ ಬೈದಿದ್ದರೆ ನಾನು ಅಲ್ಲಿಗೇ ನಿಲ್ಲುತ್ತಿದ್ದೆನೋ ಏನೋ. ಸುಮ್ಮನಿದ್ದದ್ದೇ ತಪ್ಪು ಒಪ್ಪಿಕೊಂಡ ಹಾಗೆ ಕಂಡಿತು. ಬಾಕ್ಸು ತಂದಿದ್ದ ಇಬ್ಬರೂ ಅವನ್ನು ಎತ್ತಿಕೊಂಡು ಹೋದರು. ನನಗೆ ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಆ ವಾರ ಕೂತ ಟೇಲರ್ ಅಂಗಡಿಗಳಲ್ಲೆಲ್ಲ ಇದೇ ಮಾತಾಡಿದೆ. ಟೇಲರ್ ಅಂಗಡಿಯಲ್ಲಿ ಒಂದು ಮಾತು ಬಿಟ್ಟರೆ ಬಟ್ಟೆಗಿಂತ ಮೊದಲು ಅದು ಊರಿಗೆ ಮುಟ್ಟುತ್ತದೆ.

ಸತ್ಯ ಗೊತ್ತಾದದ್ದು ಸೋಪಿನಿಂದ. ಪೇಂಟರ್ ಮುಚ್ಚಳ ಮತ್ತೆ ಹೊಡೆದುಕೊಟ್ಟ ಮೇಲೆ, ಒಂದು ಸೋಮವಾರ ಬಚ್ಚಲಿಗೆ ಹೋದವನು ಸೋಪು ಮುಗಿದಿದೆ ಅಂತ ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ಮುಂಬಾಗಿಲಿನಾಚೆ ನನ್ನ ಹೆಂಡತಿ ಬೈಕಿನ ಎಡಕ್ಕೆ ನಿಂತಿದ್ದಳು. ಬಾಕ್ಸಿನ ಮುಚ್ಚಳದ ನಡುವೆ ಕುಂಕುಮ ಇಟ್ಟು, ಅದರ ಮೇಲೊಂದು ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿದ್ದಳು. ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ಉರಿ ಆರುತ್ತಲೇ, ನಾನು ಬಂದುಬಿಟ್ಟೇನೆಂಬ ಗಡಿಬಿಡಿಯಲ್ಲಿ, ಮಸಿ ಕಾಣದಂತೆ ತಣ್ಣೀರಿನ ಬಟ್ಟೆಯಿಂದ ಒರೆಸಿದಳು. ಸಣ್ಣಗೆ ಚುಯ್ ಅಂದದ್ದು ನನಗೂ ಕೇಳಿಸಿತು. ಟ್ಯಾಂಕಿನಿಂದ ಆದಷ್ಟು ದೂರ, ಸೈಲೆನ್ಸರ್ ಇಲ್ಲದ ಕಡೆ. ಎಷ್ಟು ಯೋಚಿಸಿ ಆರಿಸಿದ ಜಾಗ!

ನಾನು ಹಿಂದೆ ಸರಿದು ಸೋಪಿಲ್ಲದೆಯೇ ಸ್ನಾನ ಮಾಡಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದು ನಾನೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂದ ಹಾಗಾಯಿತು, ಅದೂ ಬರಲಿಲ್ಲ. ಇವಳಿಗೆ ಏನು ಹೇಳಲಿ? ಬೇಡ ಅಂದರೆ ನನ್ನ ಜೀವಕ್ಕಾಗಿ ಹೊತ್ತ ಹರಕೆ ಮುರಿಯುತ್ತದೆ. ಸುಮ್ಮನಿದ್ದರೆ ಮುಚ್ಚಳ ಬಿರಿಯುತ್ತದೆ. ಹೇಳದೆಯೇ ಬೈಕು ಹತ್ತಿ ಕೊಟ್ಟೂರಿಗೆ ಹೋದೆ.

ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಒಂದು ಮಡ್‌ಗಾರ್ಡ್ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಪೇಂಟರ್ ಬ್ರಷ್ಷು ತೊಳೆದಿಟ್ಟು ಸುಮ್ಮನೆ ಕೂತಿದ್ದ. ನಾನು ಕಂಡದ್ದನ್ನು ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಂಗ ಎರಡನೇ ಸಲನೇ ತಿಳೀತ್ರಿ," ಅಂದ. "ಬಿರುಕಿನಾಗ ಇದ್ದ ಕೆಂಪು ಪ್ರೈಮರ್ ಅಲ್ಲ, ಕುಂಕುಮ. ನಾ ಹಚ್ಚೋದು ಬೂದಿ ಬಣ್ಣದ ಪ್ರೈಮರ್."

"ಮತ್ತ ಯಾಕ ಹೇಳ್ಲಿಲ್ಲೋ?"

ಅವನು ಮಡ್‌ಗಾರ್ಡಿನ ಮೇಲಿನ ಧೂಳು ಒರೆಸಿದ. "ನೀವು ಸಿಟ್ಟಿಗೆದ್ರ ಹೆಂಗ ಬೈತೀರಿ ಅಂತ ನೋಡೀನಲ್ರಿ. ನಾ ಅಂದ್ರ ಹೊರಗಿನವ, ಬೈಸ್ಕೊಂಡು ಸುಮ್ಮನಾಗ್ತೀನಿ. ಮನ್ಯಾಗ ಅಕ್ಕಾರು ಅದನ್ನ ಎಲ್ಲಿ ಇಟ್ಕೋಬೇಕು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ, ಆ ಎಮ್ಮೆ ಎತ್ತಿನ ಪರವಾಗಿ ಬರೆ ತಿಂದಿತ್ತು. ಅವನು ಒಂದು ಸ್ಟೀಲಿನ ತಗಡನ್ನು ಅಂಗೈ ಅಗಲ ಕತ್ತರಿಸಿ, ಕೆಳಗೆ ಗಾಳಿ ಆಡುವಂತೆ ನಾಲ್ಕು ವಾಷರ್ ಕೊಟ್ಟು, ಎಡಗಡೆ ಮುಚ್ಚಳದ ನಡುವೆ ಕೂರಿಸಿದ. ಇದರ ಮೇಲೆ ಹಚ್ಚಿದರೆ ಪೇಂಟಿಗೆ ಬಿಸಿ ತಾಗುವುದಿಲ್ಲ ಅಂದ. ಅಕ್ಕನಿಗೆ ಏನೂ ಹೇಳಬೇಡಿ, ಸಪಾಟು ಜಾಗ ಕಂಡರೆ ತಾವೇ ಇಡುತ್ತಾರೆ ಅಂತಲೂ ಅಂದ. ನನಗೆ ಹಗುರಾಯಿತು. ಟೇಲರ್ ಅಂಗಡಿಗಳಲ್ಲಿ ನನ್ನ ಮಾತು ತಪ್ಪಿತ್ತು ಅಂತ ಹೇಳಬೇಕು ಅಂದುಕೊಂಡೆ. ಆದರೆ ತಪ್ಪು ಏನು ಅಂತ ಕೇಳಿದರೆ ಹೆಂಡತಿಯ ವಿಷಯ ಬರುತ್ತದೆ. ಮುಂದಿನ ವಾರ ನೋಡೋಣ ಅಂತ ಒಂದು ವಾರ, ಮತ್ತೊಂದು ವಾರ ತಳ್ಳಿದೆ.

ಮನೆಯಲ್ಲಿ ಅವಳು ತಗಡು ಸವರಿ, "ಇದೇನ್ರಿ?" ಅಂದಳು. ಥಟ್ಟನೆ ಏನೂ ಹೊಳೆಯದೆ, "ಬುತ್ತಿ ಡಬ್ಬಿ ಇಟ್ಕೊಂಡು ಉಣ್ಣಾಕ," ಅಂದೆ.

ಎರಡು ತಿಂಗಳಾಯಿತು. ಈ ಸಲ ಬಲಗಡೆಯ ಮುಚ್ಚಳ ಬಿರಿಯಿತು.

ನಿಜ ಹೇಳುತ್ತೇನೆ, ಅರ್ಧ ತಾಸು ನನಗೆ ಏನೂ ಅರ್ಥವಾಗಲಿಲ್ಲ. ಇಷ್ಟು ತಿಂಗಳು ಸೈಲೆನ್ಸರ್ ಪಕ್ಕದಲ್ಲಿದ್ದು ಏನೂ ಆಗದ ಮುಚ್ಚಳ ಅದು. ಎಡಗಡೆಯದು ಹೊಸದರಂತೆ ಹೊಳೆಯುತ್ತಿದೆ. ಬೈಕಿನ ಸುತ್ತ ಮೂರು ಸುತ್ತು ಹಾಕಿದೆ. ಕೊನೆಗೆ ಬೇರೆ ದಾರಿ ಕಾಣದೆ ಅವಳನ್ನೇ ಕರೆದೆ. ನನಗೆ ಎಲ್ಲ ಗೊತ್ತು, ಸಿಟ್ಟಿಲ್ಲ, ಆ ತಗಡಿನ ಮೇಲೆ ಯಾಕೆ ಹಚ್ಚಲಿಲ್ಲ ಅದಷ್ಟೇ ಹೇಳು ಅಂದೆ.

ಅವಳು ನನ್ನನ್ನೇ ತಲೆಯಿಲ್ಲದವನಂತೆ ನೋಡಿದಳು. "ಬುತ್ತಿ ಡಬ್ಬಿ ಇಡೋ ಜಾಗ ಅಂದ್ರಿ. ಉಂಡ ಮುಸುರಿ ಬಿದ್ದ ತಗಡಿನ ಮ್ಯಾಲ ದೇವರ ಕರ್ಪೂರ ಹಚ್ಚೋದೇನ್ರಿ? ಅದಕ್ಕ ಆ ಕಡಿ ಹಚ್ಚಿದೆ."

ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ನಗಲೂ ಇಲ್ಲ, ಹೆದರಲೂ ಇಲ್ಲ. ಬಲಗಡೆ ಮುಚ್ಚಳದ ಬಿರುಕನ್ನು ಬೆರಳಿನಿಂದ ಸವರುತ್ತಿದ್ದವಳು ಮೆಲ್ಲಗೆ ತಲೆ ಎತ್ತಿದಳು. ಎಡಗಡೆಯದೂ ಬಿರಿದದ್ದು ಈ ಕರ್ಪೂರಕ್ಕೇನಾ ಅಂತ ಕೇಳಿದಳು. ಹೌದು ಅಂದೆ.

"ಅಂದ್ರ ಅದು ನನ್ನಿಂದ. ನೀವು ಅವನಿಗೆ ಸಂತ್ಯಾಗ ನಿಂತು ಬೈದಿದ್ರಿ. ಮನಿಗೆ ಬಂದು ನೀವೇ ಹೇಳಿದ್ರಲ್ಲ, ಇಬ್ಬರು ಗಿರಾಕಿ ವಾಪಸ್ ಹೋದ್ರು ಅಂತ."

"ನಾ ಅವನ ಹತ್ರ ಹೋಗಿ ಹೇಳಿ ಬಂದೀನಿ."

"ಯಾರ ಮುಂದ?"

"ಅವನ ಮುಂದ."

"ಅವನಿಗೆ ಗೊತ್ತಿದ್ದದ್ದನ್ನ ಅವನಿಗೇ ಹೇಳಿ ಬಂದ್ರೇನು? ಬೈದಿದ್ದು ಸಂತಿ ದಿನ, ಹೇಳೋದೂ ಸಂತಿ ದಿನನೇ ಹೇಳ್ರಿ. ನಾನೂ ಬರ್ತೀನಿ."

ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವವಳಿಗೆ ಎಡಗಡೆ ಬಾಕ್ಸು ಅಡ್ಡ ಬರುತ್ತದೆ. ಅದನ್ನು ಬಿಚ್ಚಿ ಮನೆಯಲ್ಲಿ ಇಟ್ಟೆವು. ಬಲಗಡೆಯ ಬಿರಿದ ಮುಚ್ಚಳ ತೆಗೆದು ಅವಳು ಮಡಿಲಲ್ಲಿ ಇಟ್ಟುಕೊಂಡಳು. ಕೊಟ್ಟೂರಿನವರೆಗೂ ನಾನು ಹೇಳಬೇಕಾದ ಮಾತು ಹೊಂದಿಸುತ್ತಲೇ ಇದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತನ್ನು ವಾಪಸ್ಸು ತರುವುದು ಹೇಗೆ ಅಂತ ಯಾವ ಗಾದೆಯೂ ಹೇಳುವುದಿಲ್ಲ.

ಸಂತೆ ತುಂಬಿತ್ತು. ಮಿರ್ಚಿ ಬಂಡಿಯವನು ನನ್ನ ಗುರುತು ಹಿಡಿದ. "ಬರ್ರಿ ಬರ್ರಿ, ಮತ್ತ ಒಡೀತೇನ್ರಿ ಪೇಂಟು?" ಅಂತ ಕೂಗಿದ. ಜಗಳ ನೋಡುವ ಆಸೆಗೆ ಆರೇಳು ಜನ ತಿರುಗಿದರು. ಪೇಂಟರ್ ಶೆಡ್ಡಿನಿಂದ ಹೊರಗೆ ಬಂದು, ನನ್ನನ್ನು ನೋಡಿ, ನನ್ನ ಹೆಂಡತಿಯನ್ನು ನೋಡಿ, ಬೇಡ ಎನ್ನುವಂತೆ ಕೈ ಆಡಿಸಿದ.

ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. "ಇವನ ಕೆಲಸ ಚಲೋ ಐತಿ. ಪೇಂಟ್ ಒಡದದ್ದು ನಮ್ಮಿಂದ. ತಪ್ಪು ನಂದು," ಅಂದೆ.

"ಏನಂದ್ರಿ? ಕೇಳ್ಲಿಲ್ಲ," ಅಂದ ಮಿರ್ಚಿಯವನು, ಜಾಲರಿ ಸೌಟು ಎಣ್ಣೆಯಿಂದ ಮೇಲೆತ್ತಿ.

ನನ್ನ ಹಿಂದೆ ಮುಚ್ಚಳ ಹಿಡಿದು ನಿಂತಿದ್ದ ನನ್ನ ಹೆಂಡತಿ ಅಂದಳು: "ಬೈಯುವಾಗ ಸಂತಿಗೆಲ್ಲ ಕೇಳಿತ್ತಂತಲ್ಲ. ಜೋರಾಗಿ ಹೇಳ್ರಿ."