ಹಸಿರು ಚುಕ್ಕೆ ನಂಬದ ಟೋಪಿ ಅಕ್ಕ

ಬೆಳಗಿನ ಐದೂಮುಕ್ಕಾಲು. ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ ಈಕೆ ಒಬ್ಬರೇ ನಿಂತು, ನಿನ್ನೆ ತೊಳೆದು ಹರವಿದ ಬಟ್ಟೆಯ ಟೋಪಿಗಳು ಒಣಗಿವೆಯೇ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಾರೆ. ಪ್ರತಿ ಟೋಪಿಗೂ ಮೂವತ್ತೆರಡು ಪುಟ್ಟ ಬಿಲ್ಲೆ, ಬಿಲ್ಲೆಗೊಂದು ತಂತಿ. ತಲೆಗೆ ತೊಡಿಸಿದರೆ ಮಿದುಳಿನ ವಿದ್ಯುತ್ ಅಲೆಗಳು ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತವೆ. ಇದೇ ಇಇಜಿ. ವಿದ್ಯಾರ್ಥಿಗಳ ಬಾಯಲ್ಲಿ ಈಕೆ ಟೋಪಿ ಅಕ್ಕ. "ಬೆಳಗಾಗೆದ್ದು ಜನಕ್ಕೆ ಟೋಪಿ ಹಾಕೋದೇ ಇವಳ ಕಸುಬು" ಎಂದು ಬಸ್ ಓಡಿಸುವ ಗಂಡ ನೆಂಟರನ್ನು ನಗಿಸುತ್ತಾರಂತೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಈಕೆಗೆ ಆಕಳಿಕೆ.

ಆರೂವರೆಗೆ ಮೊದಲ ಸ್ವಯಂಸೇವಕರು ಬರುತ್ತಾರೆ. ಕೂದಲು ಬಗೆದು, ಮೊಂಡು ಸೂಜಿಯ ಸಿರಿಂಜಿನಿಂದ ಬಿಲ್ಲೆಯೊಳಗೆ ಜೆಲ್ ಇಳಿಸಬೇಕು. ಬಿಲ್ಲೆಗೂ ಚರ್ಮಕ್ಕೂ ಸಂಪರ್ಕ ಕೂಡಿದರೆ ಪರದೆಯ ಕೆಂಪು ಚುಕ್ಕೆ ಹಸಿರಾಗುತ್ತದೆ. ಒಂದು ತಲೆಗೆ ನಲವತ್ತು ನಿಮಿಷ, ದಿನಕ್ಕೆ ಐದು ತಲೆ, ಅಷ್ಟೂ ಹೊತ್ತು ಬಗ್ಗಿಕೊಂಡೇ. ಕೊನೆಗೆ ಅವರ ತಲೆ ತೊಳೆದು ಕಳಿಸುವುದೂ ಇವರೇ.

ಮೊದಲ ಹದಿನಾಲ್ಕು ವರ್ಷ ಇವರದು ಇಲ್ಲಿ ತೊಳೆಯುವ ಕೆಲಸವೇ: ಟೋಪಿ, ತಲೆ, ನೆಲ. ಇಇಜಿ ರೆಕಾರ್ಡಿಂಗ್ ಮಾಡುತ್ತಿದ್ದಾತ ಬಿಟ್ಟುಹೋದಾಗ, ಪ್ರಯೋಗ ನಡೆಸುವ ಸಂಶೋಧಕಿ ಇವರನ್ನೇ ಕೂರಿಸಿಕೊಂಡು ಕಲಿಸಿದರು. ಆಗ ವಯಸ್ಸು ನಲವತ್ತೆಂಟು. ಕಣ್ಣು ಮಿಟುಕಿಸಿದರೆ ಗೆರೆ ಗುಡ್ಡವಾಗುತ್ತದೆ, ಹಲ್ಲು ಕಚ್ಚಿದರೆ ಪೊದೆಯಾಗುತ್ತದೆ ಎಂಬುದು ತಿಂಗಳೊಳಗೆ ಕಣ್ಣಿಗೆ ಹತ್ತಿತು.

ಎಡವಿದ್ದು ಜೆಲ್‌ನಲ್ಲಿ. ಬೇಗ ಹಸಿರಾಗಲೆಂದು ಧಾರಾಳವಾಗಿ ತುಂಬುತ್ತಿದ್ದರು. ಒಂದು ಮಧ್ಯಾಹ್ನ ತೊಳೆಯಲು ಟೋಪಿ ಮಗುಚಿದಾಗ, ಒಂದು ಬಿಲ್ಲೆಯ ಜೆಲ್ ಪಕ್ಕದ ಬಿಲ್ಲೆಯವರೆಗೂ ಹರಿದು ಕೂಡಿಕೊಂಡಿತ್ತು. ಕೈ ಒರೆಸಿಕೊಂಡು ಹೋಗಿ ಪರದೆ ನೋಡಿದರೆ, ಎರಡು ಜಾಗದ ಗೆರೆಗಳೂ ಅವಳಿಜವಳಿಯಂತೆ ಒಂದೇ. ಹಿಂದಿನ ರೆಕಾರ್ಡಿಂಗ್‌ಗಳನ್ನೂ ತೆರೆದರು. ಒಟ್ಟು ಹನ್ನೊಂದು ಜನರದ್ದು ಹಾಗೆಯೇ ಕೆಟ್ಟಿತ್ತು. ಚುಕ್ಕೆಗಳೆಲ್ಲ ಹಸಿರಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಹೇಳಿದ್ರೆ ವಾಪಸ್ ನೆಲ ಒರೆಸೋಕೆ ಕಳಿಸ್ತಾರೆ ಅನ್ನಿಸ್ತು. ಹೇಳ್ದೇ ಇದ್ರೆ ನಾನು ಚೆಲ್ಲಿದ ಜೆಲ್ಲನ್ನೇ ಮಿದುಳು ಅಂತ ಓದ್ತಾರೆ."

ಅಂದೇ ಸಂಜೆ ಹೇಳಿದರು. ಸಂಶೋಧಕಿ ಹನ್ನೊಂದನ್ನೂ ಒಂದೊಂದಾಗಿ ತೆರೆದು ನೋಡಿದರು. ಆಮೇಲೆ, ಎಲ್ಲರಿಗೂ ನೀವೇ ಫೋನ್ ಮಾಡಿ ಮತ್ತೆ ಕರೆಯಿರಿ ಎಂದರು. ಫೋನೆತ್ತಿದ ಪ್ರತಿಯೊಬ್ಬರಿಗೂ ಈಕೆ ತಪ್ಪು ತನ್ನದೆಂದೇ ಹೇಳಿ ಕರೆದರು. ಒಬ್ಬ ದರ್ಜಿ ಬೈದು ಫೋನಿಟ್ಟ. ಇಬ್ಬರು ಎತ್ತಲೇ ಇಲ್ಲ. ಎಂಟು ಜನ ಬಂದು ಮತ್ತೆ ತಲೆಯೊಡ್ಡಿದರು.

ಅದಾಗಿ ಆರು ವರ್ಷ. ಸೊಂಟ ಹಿಡಿದುಕೊಂಡಿದೆ. ಪ್ರಕಟವಾದ ಯಾವ ಪ್ರಬಂಧದಲ್ಲೂ ಇವರ ಹೆಸರಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಕಲಿಸುವ ಹೊರೆಯೂ ಈಗ ಇವರದೇ. ಮೊದಲ ದಿನವೇ ಕೆಟ್ಟ ಆ ಹನ್ನೊಂದು ರೆಕಾರ್ಡಿಂಗ್‌ಗಳನ್ನು ಅವರ ಮುಂದೆ ತೆರೆದಿಟ್ಟು, ಎಲ್ಲಿ ಕೆಟ್ಟಿದೆ ಹುಡುಕಿ ಎನ್ನುತ್ತಾರೆ. ಯಾರು ಮಾಡಿದ್ದು ಎಂದು ಕೇಳಿದರೆ, ನಾನೇ ಎನ್ನುತ್ತಾರೆ.

ಏನಾದರೂ ಆಸೆ ಇದೆಯೇ ಎಂದಾಗ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

"ತಪ್ಪೇ ಆಗ್ಬಾರ್ದು ಅಂತ ಕೇಳೋಕಾಗಲ್ಲ. ದಣಿದ ಕೈ, ಆಗುತ್ತೆ. ಆದ ದಿನ ಬಾಯಿಬಿಟ್ಟು ಹೇಳೋ ಹಾಗಿದ್ರೆ ಸಾಕು."