ಆರಿಸಿಟ್ಟ ಸರ್ವರ್

ಕಂಪ್ಯೂಟರಿನಲ್ಲಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಾನು ನಂಬಿದ್ದೆ. ಹಾಗಲ್ಲ ಎನ್ನುವವರಿಗೆ ವಿಷಯ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಸಂಜೆಯ ಬಳಿಕ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಆಗ ನಾನು ದೊಡ್ಡನೆಕ್ಕುಂದಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಔಷಧಿ ಅಂಗಡಿಗಳು ಕಳಿಸುವ ಆರ್ಡರುಗಳು ನಮ್ಮ ಸರ್ವರಿಗೆ ಬಂದು ಸೇರುತ್ತಿದ್ದವು. ಹಳೆಯ ಸರ್ವರನ್ನು ಆರಿಸಿ, ವೈರ್ ಕಳಚಿ, ಹೊಸದನ್ನು ಹಾಕಿ ತಿಂಗಳಾಗಿರಲಿಲ್ಲ. ಹಳೆಯದು ಆಯುಧಪೂಜೆಯ ಕುಂಕುಮ ಹೊತ್ತುಕೊಂಡು ಸರ್ವರ್ ಕೋಣೆಯ ಮೂಲೆಯಲ್ಲಿ ಕೂತಿತ್ತು. ಆ ಕೋಣೆಯ ಬೀಗದ ಕೈ, ಸರ್ವರ್ ಸಂಪರ್ಕದ ಸೆಟ್ಟಿಂಗುಗಳ ಹೊಣೆ, ಎರಡೂ ಶಿವಾಜಿನಗರದಿಂದ ಬರುತ್ತಿದ್ದ ನಸ್ರೀನಳದು. ಆಫೀಸಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ.

ಅಂದು ಬೆಳಗಿನಿಂದ ಬಂದ ಆರ್ಡರುಗಳು ಹೊಸ ಸರ್ವರಿನಲ್ಲಿರಲಿಲ್ಲ. ಇಬ್ಬರೂ ಕೂತು ಸೆಟ್ಟಿಂಗುಗಳನ್ನು ಒಂದೊಂದಾಗಿ ನೋಡಿದೆವು. ವಿಳಾಸ, ಪೋರ್ಟ್, ಪಾಸ್‌ವರ್ಡ್ ಎಲ್ಲವೂ ಹೊಸದರವೇ. ಆದರೆ ಸಂಪರ್ಕವಾದ ಸರ್ವರಿನ ಹೆಸರು ಕೇಳಿದರೆ ತೆರೆಯ ಮೇಲೆ ಹಳೆಯದರ ಹೆಸರು ಬರುತ್ತಿತ್ತು.

"ಅದಕ್ಕೆ ಕರೆಂಟೇ ಇಲ್ವಲ್ಲೇ," ಎನ್ನುತ್ತ ನಸ್ರೀನ್ ಬೀಗ ತೆಗೆದು ಒಳಗೆ ಹೋದಳು. ಕೋಣೆಯ ಗಾಜಿನ ಆಚೆಯಿಂದ ಹಳೆಯ ಸರ್ವರಿನ ಕರೆಂಟ್ ವೈರನ್ನು ಎತ್ತಿ ತೋರಿಸಿದಳು. ಎರಡೂ ತುದಿಗಳು ಅವಳ ಕೈಯಲ್ಲಿದ್ದವು. ಅದನ್ನು ನೋಡುತ್ತಲೇ ನಾನು ಪರೀಕ್ಷೆಗೆಂದು ಒಂದು ಸುಳ್ಳು ಆರ್ಡರ್ ಕಳಿಸಿದೆ. ಸೇರಿತು ಎಂದು ಉತ್ತರ ಬಂತು.

ಮರುದಿನ ಮ್ಯಾನೇಜರ್ ಎಲ್ಲರೆದುರು ಹಳೆಯ ಸರ್ವರಿಗೆ ವೈರ್ ಸಿಕ್ಕಿಸಿ ಚಾಲೂ ಮಾಡಿಸಿದರು. ಕಾಣದ ಆರ್ಡರುಗಳೆಲ್ಲ ಅದರೊಳಗಿದ್ದವು. ನನ್ನ ಸುಳ್ಳು ಆರ್ಡರೂ ಇತ್ತು. ಮ್ಯಾನೇಜರಿಗೆ ಸಾಕ್ಷಿ ಸಿಕ್ಕಿತು. ಬೀಗದ ಕೈ ನಸ್ರೀನಳ ಬಳಿ ಇದ್ದ ಮೇಲೆ ಅದನ್ನು ಚಾಲೂ ಮಾಡಿದವಳೂ ಅವಳೇ, ಸೆಟ್ಟಿಂಗನ್ನು ಹಳೆಯದಕ್ಕೆ ತಿರುಗಿಸಿದವಳೂ ಅವಳೇ ಎಂದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ವೈರ್ ಕೈಯಲ್ಲಿತ್ತಂತೆ, ಸರ್ವರ್ ಓಡ್ತಿತ್ತಂತೆ. ಕರೆಂಟ್ ಬಿಲ್ ಉಳೀತು ಬಿಡ್ರಪ್ಪ," ಎಂದರು ಮ್ಯಾನೇಜರ್. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಫ್ರೆಂಡ್‌ಗೋಸ್ಕರ ಇಷ್ಟೆಲ್ಲ ಕಥೆ ಕಟ್ಬೇಡಿ ಮೇಡಂ," ಎಂದರು. ಆ ವಾರವೇ ನಸ್ರೀನಳ ಕೆಲಸ ಹೋಯಿತು.

ಅದೇ ಹೆಸರಿನ ಬೇರೆ ಯಂತ್ರವಿತ್ತೇ, ಯಾರಾದರೂ ಆಮೇಲೆ ಬಂದು ಎಲ್ಲವನ್ನೂ ಹಳೆಯದರೊಳಗೆ ನಕಲು ಮಾಡಿದರೇ ಎಂದು ಬಹಳ ಯೋಚಿಸಿದ್ದೇನೆ. ಹಾಗೆ ಮಾಡಿ ಯಾರಿಗೆ ಏನು ಸಿಗುತ್ತಿತ್ತೋ ತಿಳಿಯದು. ಹಳೆಯ ಸರ್ವರ್ ಗುಜರಿಗೆ ಹೋಯಿತು.

ಬಹಳ ದಿನ ಅಲೆದ ಮೇಲೆ ನಸ್ರೀನಳಿಗೆ ಮಹದೇವಪುರದಲ್ಲಿ ಕೆಲಸ ಸಿಕ್ಕಿತು. ಹಳೆಯ ಕೆಲಸ ಬಿಟ್ಟದ್ದೇಕೆಂದು ಅಲ್ಲಿಯವರು ಕೇಳಿದಾಗ ಏನು ಹೇಳಿದೆ ಎಂದು ಅವಳನ್ನು ವಿಚಾರಿಸಿದೆ.

"ಸೆಟ್ಟಿಂಗ್ ತಪ್ಪು ಮಾಡ್ದೋಳು ನಾನೇ ಅಂದೆ. ತಪ್ಪು ಮಾಡ್ದೋಳಿಗಾದ್ರೂ ಕೆಲ್ಸ ಕೊಡ್ತಾರೆ ಕಣೇ. ನಡೆದಿದ್ದು ಹೇಳಿದ್ರೆ ಯಾರ್ ಕೊಡ್ತಾರೆ?"

ಈಗ ಕೇಳಿದವರಿಗೆಲ್ಲ ಅವಳು ಹಾಗೆಯೇ ಹೇಳುತ್ತಾಳೆ. ಆ ಸಂಜೆಯನ್ನು ಕಂಡವಳಾಗಿ ಉಳಿದಿರುವುದು ನಾನೊಬ್ಬಳೇ.