ಬಾಗಿಲು ಕರೆದದ್ದು

ಮೊನ್ನೆ ಕಲಬುರಗಿಯ ಸೀರೆ ಅಂಗಡಿಯೊಂದರ ಬಾಗಿಲು ನನ್ನನ್ನು ಕಂಡು ‘ಸ್ವಾಗತ’ ಎಂದಿತು. ನಾನು ‘ಬಂದೀನ್ರಿ’ ಎಂದುಬಿಟ್ಟೆ. ಅಂಗಡಿಯವರೆಲ್ಲ ನಕ್ಕರು. ನಗಲಿ ಬಿಡಿ, ಬಾಗಿಲಿಗೆ ಉತ್ತರ ಕೊಡುವುದು ನಮ್ಮ ಮನೆತನದ ಚಟ.

ಹಿಂದೆ ವಾಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಗ, ಪ್ರದರ್ಶನಕ್ಕೆಂದು ಹಳೆಯ ಬಾಗಿಲೊಂದಕ್ಕೆ ಬಣ್ಣ ಬಳಿದು ನಿಲ್ಲಿಸಿದ್ದೆ. ಚೌಕಟ್ಟಿನಲ್ಲೊಂದು ಅಗ್ಗದ ಸೆನ್ಸರ್. ಯಾರಾದರೂ ಹತ್ತಿರ ಬಂದರೆ ದೀಪ ಹತ್ತಿ, ಒಳಗಿನಿಂದ ಹೆಣ್ಣುದನಿಯೊಂದು ಕರೆಯಬೇಕು. ನಾವು ಕಲೆಯನ್ನು ನೋಡುವುದಲ್ಲ, ಕಲೆ ನಮ್ಮನ್ನು ನೋಡಬೇಕು ಎಂದು ಭಾಷಣ ಬೇರೆ ಬಿಗಿದಿದ್ದೆ. ಅದು ಫ್ಯಾನಿನ ಗಾಳಿಗೆ ಅಲ್ಲಾಡುವ ಪರದೆಯನ್ನೂ ಅಷ್ಟೇ ಆದರದಿಂದ ಕರೆಯುತ್ತಿತ್ತು ಎನ್ನುವುದು ಬೇರೆ ಮಾತು.

ದನಿ ಶಹಾಬಾದಿನ ನಮ್ಮ ಕಾಕುವಿನದು, ಅಂದರೆ ಚಿಕ್ಕಪ್ಪನ ಹೆಂಡತಿಯದು. ‘ಬರ್ರಿ, ಕುಂದ್ರಿ’ ಎಂದರೆ ಸಾಕೆಂದೆ. ಆಕೆ ಒಪ್ಪಲಿಲ್ಲ.

“ಯಾರಿಗಿ ಅಂತ ಗೊತ್ತಿಲ್ದ ಹ್ಯಾಂಗ ಕರೀಲಿ?” ಎಂದು ಗೊಣಗಿ, “ಬರ್ರಿ ಅಕ್ಕಾ, ಒಳಗ ಬರ್ರಿ, ಚಾ ಕುಡೀರಿ” ಎಂದು ಮೊಬೈಲಿಗೆ ಹೇಳಿದಳು. ಹೀಗಾಗಿ ಮೀಸೆಯ ಹೆಡ್‌ಮಾಸ್ಟರರೂ ಅಕ್ಕನಾದರು.

ಕಾಕುವಿಗೆ ಅಕ್ಕ ಎಂದರೆ ಒಬ್ಬಳೇ, ಕಾಕಾನ ಅಕ್ಕ, ನನ್ನ ಸೇಡಂ ಅತ್ತಿ. ತನ್ನ ಮಗನ ಮದುವೆಗೆ ಕಾಕು ಆಕೆಯ ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯದೆ, ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಕಳಿಸಿದ್ದಳು. ಅತ್ತಿ ಮದುವೆಗೆ ಬರಲಿಲ್ಲ. ಮತ್ತೆ ಆ ಹೊಸ್ತಿಲನ್ನೂ ತುಳಿಯಲಿಲ್ಲ. ಪಂಚಮಿ ಬಂದರೆ ಅತ್ತಿಗೆ ತವರಿಲ್ಲ, ಕಾಕಾನಿಗೆ ಅಕ್ಕನಿಲ್ಲ. ಇಬ್ಬರ ಹಟದ ನಡುವೆ ಆತ ಕೂಸಿನಂತೆ ಬಡವಾದ.

ಪ್ರದರ್ಶನದ ದಿನ ಅತ್ತಿ ನನಗೂ ಹೇಳದೆ ಸೇಡಂನಿಂದ ರೈಲಿಗೆ ಬಂದಳು. ಬಾಗಿಲ ಮುಂದೆ ನಿಂತಳು. ದೀಪ ಹತ್ತಿತು. “ಬರ್ರಿ ಅಕ್ಕಾ, ಒಳಗ ಬರ್ರಿ...” ಅತ್ತಿ ಸೆರಗು ಸರಿಮಾಡಿಕೊಂಡು, “ಬಂದೆನವ್ವಾ” ಎಂದು ಬಾಗಿಲಿಗೇ ಹೇಳಿ, ಸೀದಾ ಸ್ಟೇಷನ್ನಿಗೆ ನಡೆದಳು. ನಾನು ಪ್ರದರ್ಶನ ಬಿಟ್ಟು ಹಿಂದೆ ಓಡಿದೆ.

ಶಹಾಬಾದಿನಲ್ಲಿ ಕದ ತೆರೆದ ಕಾಕು ಬೆಪ್ಪಾದಳು.

“ನೀ ಕರದಿ, ನಾ ಬಂದೀನಿ” ಎಂದಳು ಅತ್ತಿ.

ಹಿಂದಿನಿಂದ ನಾನು ಕೈಸನ್ನೆಯಲ್ಲಿ ವಿವರಿಸುವುದರೊಳಗೆ ಕಾಕು ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಿದ್ದಳು.

ಈಗ ಇಬ್ಬರಿಗೂ ಮಂಡಿನೋವು. ಆದರೂ ಆಗಾಗ ಕೂಡುತ್ತಾರೆ. ನಿನ್ನೆ ಕಾಕುವಿನ ಮನೆಯಲ್ಲಿ ಇಬ್ಬರೂ ಸಿಕ್ಕಾಗ ಬಾಗಿಲಲ್ಲೇ ಸೀರೆ ಅಂಗಡಿಯ ಫಜೀತಿ ಹೇಳಿ, ಧೈರ್ಯ ಮಾಡಿ ಕೇಳಿದೆ: “ಅತ್ತಿ, ಅವತ್ತು ಅದು ಮಶೀನ್ ಅಂತ ನಿಂಗ ಗೊತ್ತಿರ್ಲಿಲ್ಲೇನು?”

“ಗೊತ್ತಿತ್ತಲ್ಲ. ವಾಟ್ಸಾಪ್ ಊರಿಗೆಲ್ಲಾ ಹೋಗಿತ್ತು. ಇದು ನಾ ಮುಂದ ಬಂದು ನಿಂತ ಮ್ಯಾಲೆ ಕರೀತು.” ಮಂಡಿ ನೀವಿಕೊಳ್ಳುತ್ತ ಅಂದಳು: “ಮತ್ತ ನಾನರ ಎಷ್ಟು ದಿನ ಹೊರಗ ನಿಂದರ್ಲಿ?”

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

“ನಿಂಗೂ ಮಶೀನ್ ಹಚ್ಚಿ ಕರೀಬೇಕೇನು?” ಕಾಕು ಗದರಿದಳು. “ಬಾ, ಕುಂದ್ರು.”